ಎರಡು ಅಲೆಗೆ ಮೂರು ತಿಂಗಳ ಅಕ್ಕಿ

೧೯೮೬ನೇ ಇಸವಿ ಮಾರ್ಚ್ ೯, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಆ ವರ್ಷದ ಅಲೆ ಬಂತು. ಸರದಿ ವಾರಿಜಕ್ಕನದು. ಅವರು ಅದನ್ನು ಹತ್ತಲಿಲ್ಲ.

ಹಿಂದಿನ ಸಂಜೆಯೇ ಏಡಿಗಳು ಮರಳಿನಿಂದೆದ್ದು ರಸ್ತೆ ದಾಟಿ ಗುಡ್ಡದ ಕಡೆ ಹೋಗಿದ್ದವು. ಏಡಿಗಳು ರಸ್ತೆ ದಾಟಿದವೆಂದರೆ ಮರುದಿನ ಅಲೆ. ಕಡಲಿಗೆ ತಾಗಿದಂತೆ ಇರುವ ಮನೆಗಳವರು ರಾತ್ರಿಯೇ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದರು, ಹೊಸ್ತಿಲಿಗೆ ಮರಳಿನ ಚೀಲ ಇಟ್ಟರು. ವರ್ಷದ ಉಳಿದ ದಿನಗಳಲ್ಲಿ ನಮ್ಮ ಕಡಲು ತಟ್ಟೆಯಲ್ಲಿ ಹಾಕಿಟ್ಟ ನೀರಿನ ಹಾಗೆ ಇರುತ್ತದೆ. ಹೆಂಗಸರು ಅದರ ಅಂಚಿಗೇ ಮೀನು ಒಣಹಾಕುತ್ತಾರೆ. ಅಂಗಳದ ರಂಗೋಲಿ ನೀರಿಗೆ ಎರಡು ಗೇಣು ದೂರದಲ್ಲಿ ಸಂಜೆಯವರೆಗೂ ಅಳಿಯದೆ ಉಳಿಯುತ್ತದೆ. ಅಲೆ ವರ್ಷಕ್ಕೆ ಒಂದೇ. ಅದು ಬರುವಾಗ ಅಂಗಡಿಗಳು ಬಾಗಿಲು ಹಾಕುತ್ತವೆ, ಜಗಳಗಳು ನಿಲ್ಲುತ್ತವೆ, ಕೂತವರೆಲ್ಲ ಏಳುತ್ತಾರೆ. ಹಾಸಿಗೆ ಹಿಡಿದವರನ್ನೂ ಎರಡು ಕಡೆಯಿಂದ ಹಿಡಿದು ನಿಲ್ಲಿಸುವುದುಂಟು. ಅಲೆಯ ಮುಂದೆ ಊರಿನಲ್ಲಿ ಯಾರೂ ಕೂತಿರುವುದಿಲ್ಲ.

ಒಂದು ಅಲೆಗೆ ಒಬ್ಬರೇ ಸವಾರರು. ಹೆಸರು ಕೊಟ್ಟು ಸರದಿಗೆ ಕಾಯಬೇಕು. ವಾರಿಜಕ್ಕ ಹೆಸರು ಕೊಟ್ಟಾಗ ಅವರಿಗೆ ಇಪ್ಪತ್ತಮೂರು. ಸರದಿ ಬಂದಾಗ ಅರುವತ್ತೊಂದು. ಸವಾರಿ ಮಾಡುವವರು ಹಲಗೆಯ ಮೇಲೆ ಬೋರಲು ಮಲಗಿ ದಡದ ಕಡೆ ಮುಖ ಮಾಡಿರಬೇಕು. ದೀಪಸ್ತಂಭದ ಮೇಲಿನಿಂದ ಸೀಟಿ ಕೇಳಿದ ಕೂಡಲೇ ಹಿಂದಕ್ಕೆ ನೋಡದೆ ಎರಡೂ ಕೈಯಲ್ಲಿ ನೀರು ಬಗೆಯಬೇಕು. ಅಲೆಯ ವೇಗಕ್ಕೆ ಹಲಗೆಯ ವೇಗ ಹತ್ತಿರವಾದರೆ ಮಾತ್ರ ಅಲೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ, ಇಲ್ಲವಾದರೆ ಎತ್ತಿ ಇಳಿಸಿ ತನ್ನ ಪಾಡಿಗೆ ಹೋಗುತ್ತದೆ. ವಾರಿಜಕ್ಕ ಮೂರು ನಾಲ್ಕು ಸಲ ಕೈ ಹಾಕಿದರು. ಆಮೇಲೆ ತಿರುಗಿ ನೋಡಿದರು. ನೋಡುತ್ತಲೇ ಉಳಿದರು. ಅಲೆ ಅವರನ್ನು ಮೆಲ್ಲಗೆ ಎತ್ತಿತು, ಇಳಿಸಿತು, ಮುಂದೆ ಬಂದು ನಮ್ಮ ಕಾಲಬುಡದಲ್ಲಿ ಒಡೆಯಿತು. ಕಡಲು ಮತ್ತೆ ತಟ್ಟೆಯ ನೀರಾಯಿತು.

ಅಲೆ ಹಾಳು ಮಾಡಿದವರು ಸರದಿಯ ಕೊನೆಗೆ ಹೋಗಬೇಕು. ಅದು ಕಟ್ಟಳೆ. ಕೊನೆ ಎಂದರೆ ಇನ್ನೂ ನಲವತ್ತು ವರ್ಷ. ಅದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ವಾರಿಜಕ್ಕ ಬಂದರಿನ ಹತ್ತಿರದ ಹೋಟೆಲಿನಲ್ಲಿ ನೀರುದೋಸೆ ಹೊಯ್ಯುತ್ತಾರೆ. ಮರುದಿನ ನಾನು ಹೋದಾಗ ಎಂದಿನಂತೆ ಕಾವಲಿಯ ಮುಂದೆ ನಿಂತಿದ್ದರು, ಸೌಟು ಮಾತ್ರ ಎಡಗೈಯಲ್ಲಿತ್ತು. ಬಲಭುಜ ಕೆಲವು ತಿಂಗಳಿಂದ ಬಿಗಿಯುತ್ತಿತ್ತು. ಈ ವರ್ಷ ಕಳೆಯುವುದರೊಳಗೆ ಕೈ ಕಿವಿಯಿಂದ ಮೇಲೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ನೀರು ಬಗೆಯಲು ಕೈ ಕಿವಿಯಿಂದ ಮೇಲೆ ಏಳಲೇಬೇಕು.

“ಫೋಟೋ ತೆಗಿಲಿಕ್ಕೆ ಹೋದದ್ದಾ ಅಕ್ಕ?” ಎಂದ ಲೂವಿಸ್. ಅವನು ಹಲಗೆ ಮಾಡುವ ಆಚಾರಿ. ವಾರಿಜಕ್ಕನ ಹಲಗೆಯನ್ನು ಹಲಸಿನ ಮರದಲ್ಲಿ ಕೆತ್ತಿದವನು ಅವನೇ. ಆದ್ದರಿಂದ ಅವನಿಗೂ ಅವಮಾನವಾಗಿತ್ತು.

“ಹೌದು. ನಿನ್ನ ಮೋರೆಗಿಂತ ಚಂದ ಇತ್ತು.”

“ಎಂತಕ್ಕೆ ತಿರುಗಿದ್ದು ವಾರಿಜಕ್ಕ?” ಎಂದು ನಾನು ಕೇಳಿದೆ. “ಹುಟ್ಟಿದಾಗಿನಿಂದ ನೋಡ್ತಾ ಇದ್ದೀರಲ್ಲ.”

ಅವರು ದೋಸೆಯನ್ನು ಮಡಚಿ ನನ್ನ ತಟ್ಟೆಗೆ ಹಾಕಿದರು. “ದಡದಲ್ಲಿ ನಿಂತು ನೋಡುವಾಗ ಅದು ಊರಿಗೆ ಬರುದು ಸುಗಂಧಿ. ಅಲ್ಲಿ ಅದು ನನ್ನ ಹತ್ರವೇ ಬರ್ತಿತ್ತು. ನೋಡದೆ ಹೇಗೆ ಇರುದು?”

ಲೂವಿಸ್ ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

ನಾನು ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವವಳು. ಅಮೋನಿಯಾದ ಒತ್ತಡ, ಉಪ್ಪುನೀರಿನ ಉಷ್ಣತೆ ನೋಡಿಕೊಳ್ಳುವುದು ನನ್ನ ಕೆಲಸ. ಘಟ್ಟದ ಮೇಲಿನ ಪಟ್ಟಣದಲ್ಲಿ ಬಿ.ಎಸ್ಸಿ. ಓದಿದ್ದೇನೆ. ಭೌತಶಾಸ್ತ್ರದ ಪರೀಕ್ಷೆಯಲ್ಲಿ ತರಂಗಕ್ಕೆ ಉದಾಹರಣೆ ಕೊಟ್ಟು ಆವೃತ್ತಿ ಲೆಕ್ಕ ಮಾಡಿ ಎಂದು ಕೇಳಿದಾಗ, ನಾನು ನಮ್ಮ ಕಡಲನ್ನು ತೆಗೆದುಕೊಂಡು, ವರ್ಷಕ್ಕೆ ಒಂದು ಎಂದು ಹಿಡಿದು, ದಶಮಾಂಶದ ಬಳಿಕ ಏಳು ಸೊನ್ನೆ ಬರುವ ಉತ್ತರ ಬರೆದಿದ್ದೆ. ನಮ್ಮ ಪ್ರೊಫೆಸರು ಕಡಲು ಕಂಡವರಲ್ಲ. ಪೂರ್ತಿ ಅಂಕ ಕೊಟ್ಟರು. ಆ ಉತ್ತರದ ಬಗ್ಗೆ ನನಗೆ ಬಹಳ ಕಾಲ ಹೆಮ್ಮೆಯಿತ್ತು.

ದ್ವೀಪದ ಮಾತು ಬಂದದ್ದು ಇದ್ದಿನಬ್ಬ ಕಾಕನಿಂದ. ಅವರು ನಮ್ಮ ಊರಿನವರಲ್ಲ. ಎಲ್ಲೆಲ್ಲಿಗೋ ಸರಕು ಒಯ್ಯುವ ದೋಣಿ ಅವರದು; ಐಸು ತುಂಬಿಕೊಳ್ಳಲು ಒಮ್ಮೊಮ್ಮೆ ಇಲ್ಲಿಗೆ ಬರುತ್ತಾರೆ. ನಮ್ಮ ಕಡಲನ್ನು ಕೆರೆ ಎಂದು ಕರೆದು ಎಲ್ಲರ ಕೈಯಲ್ಲಿ ಬೈಸಿಕೊಳ್ಳುತ್ತಾರೆ. ಏಪ್ರಿಲಿನಲ್ಲಿ ಅವರು ಪ್ಲಾಂಟಿಗೆ ಬಂದಾಗ ಗೋಡೆಗೆ ಒರಗಿಸಿಟ್ಟಿದ್ದ ಸವಾರಿ ಹಲಗೆಯನ್ನು ನೋಡಿ, ತೆಂಕಲಲ್ಲಿ ಒಂದು ದ್ವೀಪ ಉಂಟು, ಅಲ್ಲಿಯ ಮಕ್ಕಳೂ ಇಂಥದರ ಮೇಲೆ ನಿಂತು ಅಲೆ ಹತ್ತುತ್ತಾರೆ ಎಂದರು.

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. “ಅಲ್ಲಿಯೂ ಅಲೆ ಬರ್ತದಾ ಕಾಕ?”

“ಬರದೆ? ದ್ವೀಪ ಅಲ್ವಾ!”

“ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬರಬಹುದಾ?”

ಇದ್ದಿನಬ್ಬ ಕಾಕ ಬಾಯಿಗಿಟ್ಟ ಚಹಾ ಮೂಗಿಗೇರುವಷ್ಟು ನಕ್ಕರು. ಕೆಮ್ಮಿದರು. ಕಣ್ಣು ಒರೆಸಿಕೊಂಡು, “ಒಂದಕ್ಕಿಂತ ಹೆಚ್ಚೇ ಇರ್ಬೇಕು ತಂಗಿ, ನಾನು ಲೆಕ್ಕ ಇಟ್ಟಿಲ್ಲ,” ಎಂದರು. ನನ್ನ ಆಸೆಯನ್ನು ನೋಡಿ ನಕ್ಕರೆಂದು ನಾನು ತಿಳಿದೆ.

ಆ ಸಂಜೆ ಹೋಟೆಲಿನಲ್ಲಿ ಕೂತು ವಾರಿಜಕ್ಕನಿಗೂ ಲೂವಿಸನಿಗೂ ವಿವರಿಸಿದೆ. ನಮ್ಮ ಊರಿಗೆ ಕಡಲು ಒಂದೇ ಕಡೆ, ಅಲೆ ಒಂದು. ದ್ವೀಪಕ್ಕೆ ಕಡಲು ನಾಲ್ಕು ಕಡೆ. ಹಾಗಾದರೆ ಅಲೆ ನಾಲ್ಕು. ಸಮವಾಗಿ ಹಂಚಿದರೆ ಮೂರು ತಿಂಗಳಿಗೆ ಒಂದು. ನಾವು ಮೂರು ತಿಂಗಳು ಇದ್ದರೆ ಒಂದಂತೂ ಖಂಡಿತ. ಹೋದ ಕೂಡಲೇ ಒಂದು ಸಿಕ್ಕಿ, ಹೊರಡುವ ಹೊತ್ತಿಗೆ ಇನ್ನೊಂದು ಸಿಕ್ಕಿದರೆ ಎರಡು. ಅದಕ್ಕಿಂತ ಹೆಚ್ಚು ಆಸೆಪಡುವುದು ಸರಿಯಲ್ಲ. ಲೆಕ್ಕದಲ್ಲಿ ತಪ್ಪು ಯಾರಿಗೂ ಕಾಣಲಿಲ್ಲ.

“ಎರಡು!” ಎಂದರು ವಾರಿಜಕ್ಕ. ಆ ಶಬ್ದವನ್ನು ಅವರು ಬಹಳ ಮೆಲ್ಲಗೆ, ಪಕ್ಕದ ಮೇಜಿನವರಿಗೆ ಕೇಳಬಾರದು ಎನ್ನುವ ಹಾಗೆ ಹೇಳಿದರು.

ತೊಡಕು ಅಲ್ಲೇ ಹುಟ್ಟಿತು. ಹೋಗುವವರು ಮೂವರು, ಅಲೆ ಎರಡು. ಮೊದಲನೆಯದು ಯಾರಿಗೆ?

“ಚೀಟಿ ಹಾಕುವ,” ಎಂದ ಲೂವಿಸ್.

“ಮೊದಲನೆಯದು ವಾರಿಜಕ್ಕನಿಗೆ,” ಎಂದೆ. “ಅವರಿಗೋಸ್ಕರ ಅಲ್ವಾ ಹೋಗುದು?”

“ಆಯ್ತು ಬಿ.ಎಸ್ಸಿ.ಯವ್ರೇ, ಒಪ್ಪಿದೆ. ಆದ್ರೆ ಅಕ್ಕ ಪುನಃ ತಿರುಗಿ ನೋಡಿಕೊಂಡು ನಿಂತ್ರೆ? ಮೂರು ತಿಂಗಳು ಕಾದು ಒಂದೇ ಬಂದ್ರೆ? ಅದೂ ಹಾಳಾದ್ರೆ?”

ಮಾತು ಕಠಿಣವಾಗಿತ್ತು. ವಾರಿಜಕ್ಕ ಕಾವಲಿಗೆ ನೀರು ಚಿಮುಕಿಸಿದರು. ಅದು ಚುರ್ರೆಂದು ಆರಿತು. “ಅವ ಹೇಳುದು ಸರಿ,” ಎಂದರು. “ತಿರುಗದೆ ಇರ್ಲಿಕ್ಕೆ ಕಲ್ಸಿ. ಕಲಿಯದಿದ್ರೆ ಮೊದಲನೇದು ಲೂವಿಸನಿಗೆ.”

ಕಲಿಸುವ ಜಾಗ ಐಸ್ ಪ್ಲಾಂಟು. ಅಲ್ಲಿ ಐಸಿನ ಗಡ್ಡೆಗಳು ಲಾರಿಗೆ ಜಾರಿ ಇಳಿಯಲು ಉದ್ದನೆಯ ಒಂದು ಇಳಿಜಾರು ಇದೆ. ಕೆಲಸ ಮುಗಿದ ಮೇಲೆ ಎರಡು ಗಡ್ಡೆಗಳ ಮೇಲೆ ಹಲಗೆ ಇಟ್ಟು, ವಾರಿಜಕ್ಕ ಅದರ ಮೇಲೆ ಬೋರಲು ಮಲಗುತ್ತಿದ್ದರು. ಕೆಳಗೆ ಹೊಟ್ಟಿನ ಚೀಲಗಳನ್ನು ಪೇರಿಸಿ ಲೂವಿಸ್ ನಿಲ್ಲುತ್ತಿದ್ದ. ನಾನು ಸೀಟಿ ಊದಿ ತಳ್ಳುತ್ತಿದ್ದೆ. ಅವರು ಜಾರುತ್ತಾ ಎದ್ದು ನಿಲ್ಲಬೇಕು. ನಿಲ್ಲುವುದನ್ನು ಒಂದೇ ವಾರದಲ್ಲಿ ಕಲಿತರು. ದಿನವಿಡೀ ಕಾವಲಿಯ ಮುಂದೆ ನಿಂತ ಕಾಲುಗಳು, ಗಟ್ಟಿಯಿದ್ದವು. ತಿರುಗದಿರುವುದನ್ನು ಕಲಿಯಲಿಲ್ಲ. ನಾನು ಅವರ ಬೆನ್ನ ಹಿಂದೆ ತಗಡು ಬಡಿದೆ, ಬಕೆಟ್ಟು ಉರುಳಿಸಿದೆ, ಒಮ್ಮೆ ಪ್ಲಾಂಟಿನ ಸೈರನ್ನೇ ಹಾಕಿದೆ. ಪ್ರತಿ ಸಲವೂ ತಿರುಗಿದರು. ಪ್ರತಿ ಸಲವೂ ಹೊಟ್ಟಿನ ಚೀಲಕ್ಕೆ ಬಿದ್ದು, ಮೈಗೆಲ್ಲ ಹೊಟ್ಟು ಅಂಟಿಸಿಕೊಂಡು, “ಈಗ ಬಡಿದದ್ದು ಎಂತದು? ಹೊಸ ಬಕೆಟಾ?” ಎಂದು ಕೇಳಿದರು.

“ಬಕೆಟನ್ನೇ ನೋಡದೆ ಇರ್ಲಿಕ್ಕೆ ಆಗದವರು ಅಲೆಯನ್ನು ಬಿಡ್ತಾರಾ?” ಎಂದು ಲೂವಿಸ್ ನಗುತ್ತಿದ್ದ. ಆದರೆ ಹೊರಡುವ ದಿನ ಹತ್ತಿರ ಬಂದಾಗ ಅವನೇ ನನ್ನನ್ನು ಪಕ್ಕಕ್ಕೆ ಕರೆದು, “ಮೊದಲನೇದು ಅಕ್ಕನಿಗೇ ಇರ್ಲಿ,” ಎಂದ. “ಹಾಳು ಮಾಡಿದ್ರೂ ಇರ್ಲಿ. ಹತ್ತಿರದಿಂದ ಇನ್ನೊಮ್ಮೆ ನೋಡಿದ ಹಾಗೆ ಆಯ್ತು.” ವಾರಿಜಕ್ಕನ ಬಲಗೈ ಆಗ ಕಿವಿಯಿಂದ ಸ್ವಲ್ಪವೇ ಮೇಲೆ ಏಳುತ್ತಿತ್ತು. ಅದನ್ನು ನಾವಿಬ್ಬರೂ ಕಂಡಿದ್ದೆವು.

ಮೂರು ತಿಂಗಳ ತಯಾರಿ ಎಂದರೆ ಸಣ್ಣದಲ್ಲ. ಮೂವರಿಗೆ ಮೂರು ತಿಂಗಳ ಕುಚ್ಚಿಲಕ್ಕಿ, ಒಣಮೀನು, ಹುಣಸೆ, ಉಪ್ಪಿನಕಾಯಿ ಭರಣಿ, ಸೀಮೆಎಣ್ಣೆ. ಅಲೆಗೆ ಕಾಯುತ್ತಾ ಕೂರಲು ಚಪ್ಪರದ ಕಂಬಗಳು, ಹೊದಿಸಲು ತೆಂಗಿನ ಮಡಲು. ಹಗಲಿಗೆ ಮೂರು ಪಾಳಿಯಂತೆ ಕಡಲನ್ನು ಕಾಯುವುದೆಂದು ಗೊತ್ತು ಮಾಡಿದೆ; ಪಾಳಿಯಲ್ಲಿದ್ದವರು ನಿದ್ರಿಸಬಾರದು. ಇವೆಲ್ಲವನ್ನು ದೋಣಿಗೆ ಏರಿಸುವಾಗ ಇದ್ದಿನಬ್ಬ ಕಾಕ ಸೊಂಟಕ್ಕೆ ಕೈಯಿಟ್ಟು ನೋಡಿದರು.

“ಅಲೆ ಆಡ್ಲಿಕ್ಕೆ ಹೋಗುದಾ, ಮನೆ ಒಕ್ಕಲಾ?”

“ಕಾಯ್ಬೇಕಲ್ಲ ಕಾಕ,” ಎಂದರು ವಾರಿಜಕ್ಕ.

“ಎಂತದಕ್ಕೆ?”

ಅವರಿಗೆ ನಮ್ಮ ಮಾತು ಅರ್ಥವಾಗುತ್ತಿಲ್ಲವೆಂದು ನನಗೆ ಅನಿಸಿತು. ಅಲೆ ಹತ್ತದವರಿಗೆ ಹೇಗೆ ಅರ್ಥವಾದೀತು ಎಂದುಕೊಂಡು ಮುಂದಿನ ಮೂಟೆ ಎತ್ತಿದೆ.

ದೋಣಿ ಮೇ ತಿಂಗಳ ಮೊದಲ ವಾರದಲ್ಲಿ ಹೊರಟಿತು. ಕಡಲು ದಾರಿಯುದ್ದಕ್ಕೂ ತಟ್ಟೆಯ ನೀರಿನ ಹಾಗೆಯೇ ಇತ್ತು. ದೋಣಿ ಕೊರೆದ ಗೆರೆ ಹಿಂದೆ ಬಹಳ ದೂರದವರೆಗೆ ಅಳಿಯದೆ ಕಾಣುತ್ತಿತ್ತು. ಎರಡನೇ ದಿನ ಬೆಳಿಗ್ಗೆ ಎದುರಿಗೆ ದ್ವೀಪ ಕಂಡಿತು. ತೆಂಗಿನ ಮರಗಳು, ಬಿಳಿ ಮರಳು, ಮುಂಡುಕದ ಪೊದೆಗಳು. ನೀರು ನಮ್ಮ ಕಡೆ ಎಲ್ಲೂ ಕಾಣದ ಎಳೆಹಸಿರು. ನಾನು ಉಷ್ಣತೆ ನೋಡಲು ಕೈಯನ್ನು ನೀರಿಗೆ ಇಳಿಬಿಟ್ಟಿದ್ದೆ. ಆಗ ದೋಣಿ ಕೆಳಗಿನಿಂದ ಎದ್ದಿತು.

ಏನಾಯಿತೆಂದು ತಿಳಿಯಲು ನನಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ನಮ್ಮ ಅಡಿಯಿಂದ ಹಾದುಹೋದದ್ದು ದ್ವೀಪದ ಕಡೆ ನಡೆಯುತ್ತಾ, ಎತ್ತರವಾಗುತ್ತಾ, ಬೆಳಗಿನ ಬೆಳಕು ಅದರ ಮೈಯನ್ನು ತೂರಿ ಬರುವಷ್ಟು ತೆಳುವಾಗಿ ನಿಂತಿತು.

“ಅಲೆ!” ಎಂದು ಲೂವಿಸ್ ಕಿರುಚಿದ. “ಅಕ್ಕಾ, ಅಲೆ ಬಂತು!”

ಹಲಗೆಗಳು ಅಕ್ಕಿಮೂಟೆಗಳ ಅಡಿಯಲ್ಲಿದ್ದವು. ಲೂವಿಸ್ ಮೂಟೆ ಎಳೆದ, ಹಗ್ಗಕ್ಕೆ ಹಲ್ಲು ಹಾಕಿದ, ಉಪ್ಪಿನಕಾಯಿ ಭರಣಿ ಉರುಳಿ ಒಡೆಯಿತು. ಅಷ್ಟರಲ್ಲಿ ಅಲೆ ದಡದಲ್ಲಿ ಬಿದ್ದು ಬೆಳ್ಳಗೆ ಹರಡಿ ಮುಗಿದಿತ್ತು. ವಾರಿಜಕ್ಕ ದೋಣಿಯ ಅಂಚು ಹಿಡಿದು ನಿಂತಿದ್ದರು. ಅವರ ಮುಖವನ್ನು ನೋಡಲು ನನಗೆ ಧೈರ್ಯ ಬರಲಿಲ್ಲ. ಮೂರು ತಿಂಗಳ ಅಲೆ ನಮ್ಮ ಕಣ್ಣೆದುರಿಗೇ ಹೋಗಿತ್ತು, ಅದೂ ಇಳಿಯುವುದಕ್ಕೆ ಮೊದಲೇ. ಇನ್ನೊಂದು ಬರುವ ಹೊತ್ತಿಗೆ ಆಗಸ್ಟ್. ಅವರ ಕೈ ಅಲ್ಲಿಯವರೆಗೆ ಉಳಿಯುತ್ತಿರಲಿಲ್ಲ.

ದೋಣಿ ಮತ್ತೆ ಎದ್ದಿತು.

ಎರಡನೆಯದು ಮೊದಲನೆಯದರ ದಾರಿಯಲ್ಲೇ ಹೋಯಿತು. ನನ್ನ ಲೆಕ್ಕದ ಕಟ್ಟಕಡೆಯ ಅಲೆ ಅದು. ಅದೂ ಒಡೆಯಿತು. ಲೂವಿಸ್ ಹಗ್ಗ ಬಿಟ್ಟುಬಿಟ್ಟ. ಆಮೇಲೆ ದೋಣಿ ಮೂರನೆಯ ಸಲ ಎದ್ದಿತು, ನಾಲ್ಕನೆಯ ಸಲ ಎದ್ದಿತು. ನಾನು ತಲೆಯೆತ್ತಿ ಹಿಂದಕ್ಕೆ, ತೆರೆದ ಕಡಲಿನ ಕಡೆ ನೋಡಿದೆ. ಅಲ್ಲಿ, ಕಡಲು ಮುಗಿಯುವಲ್ಲಿಯವರೆಗೆ, ಒಂದರ ಹಿಂದೆ ಒಂದು ಗೆರೆಗಳು ಬರುತ್ತಿದ್ದವು. ಪುಸ್ತಕದಲ್ಲಿ ನೋಡಿದ ತರಂಗದ ಚಿತ್ರದಲ್ಲಿ ಉಬ್ಬುಗಳು ಹಾಳೆಯ ಅಂಚಿಗೆ ಬಂದು ನಿಲ್ಲುತ್ತವೆ. ಇಲ್ಲಿ ಹಾಳೆಗೆ ಅಂಚು ಇರಲಿಲ್ಲ.

“ಇದು ನಿಲ್ಲುದು ಯಾವಾಗ ಕಾಕ?” ಎಂದು ವಾರಿಜಕ್ಕ ಕೇಳಿದರು.

“ಯಾವುದು?”

“ಇದು. ಬರುದು.”

ಇದ್ದಿನಬ್ಬ ಕಾಕ ಚುಕ್ಕಾಣಿ ಹಿಡಿದಲ್ಲಿಂದಲೇ ನಮ್ಮ ಮೂವರ ಮುಖವನ್ನೂ ನೋಡಿದರು. ಈ ಸಲ ನಗಲಿಲ್ಲ. “ನಿಲ್ಲುದಿಲ್ಲ ತಂಗೀ,” ಎಂದರು. “ನನ್ನ ಅಜ್ಜನ ಕಾಲದಿಂದ ನಿಂತದ್ದಿಲ್ಲ.”

ದಡಕ್ಕೆ ಇಳಿದ ಮೇಲೆ ನಮಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದು ಅಲೆ ಬಂತು, ಕೂತಿದ್ದವರು ಎದ್ದು ನಿಂತೆವು. ಅದು ಒಡೆಯಿತು, ಕೂರಲು ಹೊರಟೆವು, ಇನ್ನೊಂದು ಬಂತು. ಮತ್ತೆ ಎದ್ದೆವು. ಹುಟ್ಟಿದಾಗಿನಿಂದ ಕಲಿತದ್ದನ್ನು ಮೊಣಕಾಲು ತಾನಾಗಿ ಮಾಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕೂರುವುದನ್ನೇ ಬಿಟ್ಟು ಸಾಲಾಗಿ ನಿಂತುಬಿಟ್ಟೆವು. ಬಿಸಿಲು ನೆತ್ತಿಗೆ ಬಂತು. ನಮ್ಮಿಂದ ಸ್ವಲ್ಪ ದೂರದಲ್ಲಿ ದ್ವೀಪದ ಹೆಂಗಸೊಬ್ಬರು ಅಲೆಗಳಿಗೆ ಬೆನ್ನುಹಾಕಿ ಕೂತು ತೆಂಗಿನ ನಾರು ಹೊಸೆಯುತ್ತಿದ್ದರು. ಒಮ್ಮೆಯೂ ತಿರುಗಲಿಲ್ಲ. ವಾರಿಜಕ್ಕ ಅವರನ್ನು ಬಹಳ ಹೊತ್ತು ನೋಡಿದರು.

“ಅವರಿಗೆ ಕೇಳುದಿಲ್ವಾ?”

“ಕೇಳ್ತದೆ,” ಎಂದೆ. “ಇನ್ನೊಂದು ಬರ್ತದೆ ಅಂತ ಗೊತ್ತುಂಟು.”

ಇಡೀ ಮಧ್ಯಾಹ್ನ ವಾರಿಜಕ್ಕ ನೋಡಿದರು. ಬೇರೇನೂ ಮಾಡಲಿಲ್ಲ. ಒಂದೊಂದನ್ನೂ ಅದು ಕಾಣಿಸಿಕೊಂಡಲ್ಲಿಂದ ಹಿಡಿದು ಮರಳಿನಲ್ಲಿ ಇಂಗುವವರೆಗೆ ಕಣ್ಣಲ್ಲೇ ಕರೆತಂದರು. “ಇದು ಸಪೂರ.” “ಇದಕ್ಕೆ ಸಿಟ್ಟು.” “ಇದು ನಮ್ಮೂರಿನ ಹಾಗೆ ಉಂಟು, ಅಲ್ವಾ ಲೂವಿಸ್?” ಲೂವಿಸ್ ಹೂಂ ಎಂದ, ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಗಡಿಯಾರ ಹಿಡಿದು ಎರಡು ಅಲೆಗಳ ನಡುವಿನ ಹೊತ್ತು ನೋಡಲು ಶುರುಮಾಡಿದೆ, ಸ್ವಲ್ಪದರಲ್ಲೇ ಬಿಟ್ಟುಬಿಟ್ಟೆ. ನಾನು ಅಂಕ ಗಳಿಸಿದ್ದ ಆ ಉತ್ತರದ ಏಳು ಸೊನ್ನೆಗಳು ಒಂದೊಂದಾಗಿ ನೀರಿಗೆ ಬಿದ್ದು ಹೋಗುತ್ತಿದ್ದವು. ನಾಚಿಕೆಯಾಗಬೇಕಿತ್ತು. ಆದದ್ದು ಬೇರೆ: ಜಗತ್ತು ನಾನು ಲೆಕ್ಕ ಹಾಕಿದ್ದಕ್ಕಿಂತ ಇಷ್ಟು ಧಾರಾಳವಾಗಿ ಇದ್ದೀತೆಂದು ನನಗೆ ಯಾರೂ ಹೇಳಿರಲಿಲ್ಲ.

ಸಂಜೆಯ ಬಿಸಿಲು ಹಳದಿಯಾಗುವ ಹೊತ್ತಿಗೆ ವಾರಿಜಕ್ಕ ಕೂತರು. ಎದುರಿಗೆ ಒಂದು ಅಲೆ ಏಳುತ್ತಿತ್ತು, ಕೂತೇ ಇದ್ದರು. ನಮ್ಮ ಕಡೆ ನೋಡಿ, “ಕೂತ್ಕೊಳ್ಳಿ ಮಾರಾಯ್ರೆ,” ಎಂದರು. “ಇವಕ್ಕೆ ಬೇಜಾರಿಲ್ಲ.”

ಮರುದಿನ ಬೆಳಿಗ್ಗೆ ಲೂವಿಸ್ ಎದೆಮಟ್ಟದ ನೀರಿನಲ್ಲಿ ನಿಂತು ಹಲಗೆ ಹಿಡಿದುಕೊಂಡ. ವಾರಿಜಕ್ಕ ದಡದ ಕಡೆ ಮುಖ ಮಾಡಿ ಮಲಗಿದರು. ನಾನು ಮರಳಿನ ಮೇಲಿಂದ ಸೀಟಿ ಊದಿದೆ. ಮೊದಲನೆಯ ಅಲೆಗೆ ಬಲಗೈ ಸಾಲಲಿಲ್ಲ. ಹಲಗೆ ಅಡ್ಡವಾಯಿತು, ಅಲೆ ಹೋಯಿತು. ಅಲೆ ಹಾಳಾದಾಗ ಊರಿಗೆ ಊರೇ ಮಾಡುವ ಆ ಶಬ್ದ ನನ್ನ ಬಾಯಿಂದಲೂ ಹೊರಟಿತು. ವಾರಿಜಕ್ಕ ನೀರಿನಿಂದ ತಲೆಯೆತ್ತಿ ಕೂದಲು ಹಿಂದಕ್ಕೆ ಹಾಕಿಕೊಂಡರು.

“ಹೋಯ್ತು!” ಎಂದು ನಕ್ಕರು. “ಹೋದ್ರೆ ಹೋಗ್ಲಿ! ಲೂವಿಸ್, ಇನ್ನೊಂದು ಕೊಡು.”

ಎಷ್ಟೋ ಹಾಳಾದವು. ಒಂದರಲ್ಲಿ ಹಲಗೆಯ ಮೂತಿ ನೀರಿಗೆ ಕುತ್ತಿತು, ಒಂದರಲ್ಲಿ ಮಂಡಿಯವರೆಗೆ ಎದ್ದು ಪಕ್ಕಕ್ಕೆ ಬಿದ್ದರು, ಒಂದನ್ನು ಸುಮ್ಮನೆ ಬಿಟ್ಟರು, ಚೆನ್ನಾಗಿಲ್ಲವಂತೆ. ಅಲೆಯನ್ನು ಚೆನ್ನಾಗಿಲ್ಲವೆಂದು ಬಿಟ್ಟವರನ್ನು ನಾನು ಅಂದೇ ಮೊದಲು ಕಂಡದ್ದು. ಬಲಗೈ ಕಿವಿಗಿಂತ ಮೇಲೆ ಏಳದಾದಾಗ ಎಡಗೈ ಎರಡು ಸಲ ಹಾಕಿ ಬಲಗೈ ಒಂದು ಸಲ ಹಾಕುವುದನ್ನು ಕಂಡುಕೊಂಡರು. ಹಲಗೆ ಅಡ್ಡವಾಗದಂತೆ ಲೂವಿಸ್ ತಳ್ಳುವಾಗಲೇ ಅದಕ್ಕೆ ತಕ್ಕ ಓರೆ ಕೊಡತೊಡಗಿದ.

ಆಮೇಲೆ ಒಂದು ಬಂತು. ದೊಡ್ಡದಲ್ಲ. ನಾನು ಸೀಟಿ ಊದಿದೆ. ಎಡಗೈ, ಎಡಗೈ, ಬಲಗೈ. ಅಲೆ ಅವರ ಬೆನ್ನ ಹಿಂದೆ ಎದ್ದು ನಿಂತದ್ದು ನನಗೆ ಕಾಣುತ್ತಿತ್ತು. ಅದರ ಸದ್ದು ಅವರಿಗೆ ನನಗಿಂತ ಮೊದಲೇ ಕೇಳಿರಬೇಕು. ನಾನು ಉಸಿರು ಹಿಡಿದು ಅವರ ಕತ್ತನ್ನೇ ನೋಡಿದೆ. ಕತ್ತು ತಿರುಗಲಿಲ್ಲ. ಹಲಗೆ ನೀರಿನಿಂದ ಬಿಡಿಸಿಕೊಂಡ ಹಾಗೆ ಮುಂದಕ್ಕೆ ನುಗ್ಗಿತು. ವಾರಿಜಕ್ಕ ಕೈಯೂರಿದರು, ಎದ್ದರು, ಕಾವಲಿಯ ಮುಂದೆ ನಿಲ್ಲುವ ಹಾಗೆ ಕಾಲು ಅಗಲಿಸಿ ನಿಂತರು. ಸೀರೆಯ ಕಚ್ಚೆ ಮೈಗೆ ಅಂಟಿತ್ತು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಆ ಬೆಳ್ಳಗಿನ ನೊರೆಯೆಲ್ಲ ಅವರನ್ನು ಹಿಂದಿನಿಂದ ಹೊತ್ತುಕೊಂಡು, ಬೇರೆ ಕೆಲಸವೇ ಇಲ್ಲದ ಹಾಗೆ, ನೇರವಾಗಿ ನನ್ನ ಕಡೆಗೆ ಬಂತು. ನಾನು ಎದ್ದು ನಿಂತಿದ್ದೆ. ನಾರು ಹೊಸೆಯುವ ಹೆಂಗಸೂ ಆ ಒಂದು ಸಲ ತಿರುಗಿ ನೋಡಿದರು.

ನೀರು ಮೊಣಕಾಲಿಗಿಂತ ಕೆಳಗಾದಲ್ಲಿ ಹಲಗೆ ನಿಂತಿತು. ವಾರಿಜಕ್ಕ ಬಸ್ಸಿನಿಂದ ಇಳಿಯುವವರ ಹಾಗೆ ಅದರಿಂದ ಕೆಳಗಿಳಿದು, ಅದೇ ಜಾಗದಲ್ಲಿ ನಿಂತುಬಿಟ್ಟರು.

“ಎಷ್ಟು ದೂರ ಬಂದೆ ಅಂತ ಅಳೆ,” ಎಂದರು ನನಗೆ. “ನಾನು ಅಲ್ಲಾಡುದಿಲ್ಲ. ಅವನಿಗೂ ಅಲ್ಲೇ ನಿಲ್ಲಿಕ್ಕೆ ಹೇಳು.”

ಆಚಾರಿಯ ಚೀಲದಿಂದ ಬಟ್ಟೆಯ ಟೇಪು ತೆಗೆದು ಒಂದು ತುದಿಯನ್ನು ವಾರಿಜಕ್ಕನ ಕೈಗೆ ಕೊಟ್ಟೆ. ಇನ್ನೊಂದನ್ನು ಬಿಚ್ಚುತ್ತಾ ಲೂವಿಸನ ಕಡೆ ನೀರಿನಲ್ಲಿ ನಡೆದೆ.

“ಬೇಗ ಅಳೆಯಿರಿ ಬಿ.ಎಸ್ಸಿ.ಯವ್ರೇ!” ಎಂದು ಅವನು ಕೂಗಿದ. “ಇಲ್ಲಿ ಒಂದೊಂದೂ ನನ್ನ ಮೋರೆಗೇ ಬರ್ತಾ ಉಂಟು!”

ಟೇಪನ್ನು ಬಿಗಿಯಾಗಿ ಎಳೆದು, ಎರಡು ಅಲೆಗಳ ನಡುವೆ ನೀರು ಸಮವಾದಾಗ ಓದಿದೆ. ಹತ್ತೊಂಬತ್ತು ಮೀಟರ್ ಎಂಬತ್ತು ಸೆಂಟಿಮೀಟರ್.